ಮೊದಲು ಸುಳ್ಳೋ, ಆಮೇಲೆ ಸುಳ್ಳೋ?

ಸಿಂಧನೂರು

ಪುಟ್ಟಿ,

"ಅವ್ವಾ, ಆಕಾಶದ ಬಂಡೆ ಭೂಮಿಗೆ ಬಡಿಯೋ ಸಾಧ್ಯತೆ ಮೊದಲು ಮೂರು ಪರ್ಸೆಂಟ್ ಅಂದ್ರು, ಆಮೇಲೆ ಸೊನ್ನೆ ಅಂದ್ರು. ಮೊದಲು ಹೇಳಿದ್ದು ಸುಳ್ಳೋ, ಆಮೇಲೆ ಹೇಳಿದ್ದು ಸುಳ್ಳೋ?" ಎಂದು ಕೇಳಿದೆಯಲ್ಲ, ಅದಕ್ಕೆ ಹಾಸ್ಟೆಲ್ ಫೋನಿನಲ್ಲಿ, ನಿನ್ನ ಹಿಂದೆ ಅಷ್ಟು ಹುಡುಗಿಯರು ಸರದಿ ನಿಂತಿರುವಾಗ ಉತ್ತರ ಹೇಳಲು ಆಗುವುದಿಲ್ಲ. ಎರಡೂ ನಿಜ. ಹೇಗೆಂದು ತಿಳಿಸಲು ಹಾಳೆ ಬೇಕು, ಅದಕ್ಕೇ ಈ ಪತ್ರ.

ನಿನ್ನ ಗೆಳತಿಯ ಅಣ್ಣ ಕಳಿಸಿದ ಆ ವಿಡಿಯೊ ನಮ್ಮ ಶಿಕ್ಷಕರ ಗ್ರೂಪಿಗೂ ಬಂದಿದೆ. 2032ರ ಡಿಸೆಂಬರ್ 22ಕ್ಕೆ ಭಾರತದ ಮೇಲೆ ಬಂಡೆ ಬೀಳುತ್ತದಂತೆ, ನಾಸಾ ಮುಚ್ಚಿಟ್ಟಿದೆಯಂತೆ. ಮುಚ್ಚಿಟ್ಟಿದ್ದರೆ ನಿನ್ನ ಗೆಳತಿಯ ಅಣ್ಣನಿಗೆ ತಾರೀಖು ಹೇಗೆ ಗೊತ್ತಾಯಿತು? ಲೆಕ್ಕವೆಲ್ಲ ಬಯಲಿನಲ್ಲೇ ನಡೆಯಿತು. ದಿನಕ್ಕೊಂದು ಅಂಕಿ ಎಲ್ಲರ ಕಣ್ಣಿಗೂ ಬೀಳುತ್ತಿದ್ದುದರಿಂದಲೇ ಅಷ್ಟು ಗದ್ದಲವಾದದ್ದು.

ಆ ಕಲ್ಲಿನ ಹೆಸರು 2024 ವೈಆರ್4. ಅಡ್ಡಳತೆ ಸುಮಾರು 60 ಮೀಟರ್. ಚಿಲಿ ದೇಶದಲ್ಲಿರುವ ಅಟ್ಲಾಸ್ ದೂರದರ್ಶಕಕ್ಕೆ ಅದು ಕಂಡದ್ದು 2024ರ ಡಿಸೆಂಬರ್ 27ರಂದು, ನಮ್ಮ ಹತ್ತಿರದಿಂದ ಹಾದು ಎರಡು ದಿನವಾದ ಮೇಲೆ! ಅಟ್ಲಾಸ್ ಮಾಡುವ ಕೆಲಸ ಸರಳ. ಆಕಾಶದ ಒಂದೇ ತುಣುಕನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ನಾಲ್ಕು ಸಲ ಚಿತ್ರ ತೆಗೆಯುತ್ತದೆ. ಚುಕ್ಕಿಗಳು ಇದ್ದಲ್ಲೇ ಇರುತ್ತವೆ, ಸರಿದದ್ದೇನಾದರೂ ಇದ್ದರೆ ಅದು ಬೇರೆ ಪ್ರಾಣಿ. ಅದರ ಸ್ಥಾನದ ಅಳತೆಗಳು ಇಂಥ ಕಲ್ಲುಗಳ ಲೆಕ್ಕ ಇಡುವ ಅಮೆರಿಕದ ಮೈನರ್ ಪ್ಲಾನೆಟ್ ಸೆಂಟರಿಗೆ ಹೋಗುತ್ತವೆ. ಅಲ್ಲಿಂದ ಸುದ್ದಿ ತಿಳಿದು ಬೇರೆ ಬೇರೆ ದೇಶದವರು ತಮ್ಮ ದೂರದರ್ಶಕಗಳನ್ನು ಅತ್ತ ತಿರುಗಿಸುತ್ತಾರೆ. ಮುಂದಿನ 100 ವರ್ಷದಲ್ಲಿ ಆ ಕಲ್ಲು ಭೂಮಿಯನ್ನು ಮುಟ್ಟೀತೇ ಎಂದು ನಾಸಾದ ಸೆಂಟ್ರಿ ಎಂಬ ವ್ಯವಸ್ಥೆ ಲೆಕ್ಕ ಹಾಕುತ್ತದೆ. ಯುರೋಪಿನವರು ತಮ್ಮದೇ ಲೆಕ್ಕ ಹಾಕಿ ತಾಳೆ ನೋಡುತ್ತಾರೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಕೆಲವೇ ವಾರ ನೋಡಿದ ಕಲ್ಲು ಎಂಟು ವರ್ಷದ ನಂತರ ಎಲ್ಲಿರುತ್ತದೆ ಎಂದರೆ ಒಂದು ಬಿಂದು ತೋರಿಸಲು ಬರುವುದಿಲ್ಲ. ಲಕ್ಷಾಂತರ ಕಿಲೋಮೀಟರ್ ಉದ್ದದ ಒಂದು ಪಟ್ಟಿ ಸಿಗುತ್ತದೆ, "ಇದರೊಳಗೆ ಎಲ್ಲೋ ಒಂದು ಕಡೆ" ಎಂದು. ಆ ಪಟ್ಟಿಯೊಳಗೆ ಭೂಮಿಯೂ ಬಿದ್ದಿತ್ತು.

ಭತ್ತ ಒಣಹಾಕುವ ಕಣದಲ್ಲಿ ಅಜ್ಜಿಯ ಬೆಂಡೋಲೆ ಬಿದ್ದುಹೋಗಿದೆ ಅಂದುಕೋ. ಕಣವನ್ನು 100 ಚೌಕ ಮಾಡು. ಒಂದು ಚೌಕದಲ್ಲಿ ಇಲಿಬಿಲ ಇದೆ. ಓಲೆ ಅಲ್ಲೇ ಬಿದ್ದಿರುವ ಸಾಧ್ಯತೆ 100ಕ್ಕೆ 1. ಒಂದು ತುದಿಯಿಂದ ಹುಡುಕುತ್ತ ಬಂದು 68 ಚೌಕ ಮುಗಿಸಿದೆ, ಸಿಗಲಿಲ್ಲ. ಬಿಲದ ಚೌಕ ಇನ್ನೂ ಮುಂದಿದೆ. ಈಗ ಸಾಧ್ಯತೆ 32ಕ್ಕೆ 1. ಭಾಗಿಸಿ ನೋಡು, ಶೇ. 3.1 ಬರುತ್ತದೆ. ಓಲೆ ಒಂದಿಂಚೂ ಸರಿದಿಲ್ಲ. ಹುಡುಕುವ ಜಾಗ ಕಡಿಮೆಯಾಯಿತು, ಅಷ್ಟೇ. ಮುಂದಿನ ಸಾಲಿನಲ್ಲಿ ಓಲೆ ಸಿಕ್ಕಿತು ಅನ್ನು, ಬಿಲದ ಲೆಕ್ಕ ಅಲ್ಲಿಗೆ ಸೊನ್ನೆ. ಇದರಲ್ಲಿ ಯಾರು ಯಾರಿಗೆ ಸುಳ್ಳು ಹೇಳಿದರು?

ವೈಆರ್4 ಕತೆ ಹೆಚ್ಚುಕಡಿಮೆ ಇದೇ. 2025ರ ಜನವರಿ ಕೊನೆಯಲ್ಲಿ ಸಾಧ್ಯತೆ ಶೇ. 1 ದಾಟಿತು. ದಾಟಿದರೆ ಜಗತ್ತಿಗೆಲ್ಲ ತಿಳಿಸಬೇಕೆಂಬ ಕಟ್ಟಳೆ ಇದೆ, ತಿಳಿಸಿದರು. ಫೆಬ್ರವರಿಯಲ್ಲಿ ಭಾರತ ಹುಣ್ಣಿಮೆ ಬಂತು. ಇಲ್ಲಿ ನಾವು ಯಲ್ಲಮ್ಮನ ಹೆಸರಿನಲ್ಲಿ ಹೋಳಿಗೆ ತಿನ್ನುತ್ತಿದ್ದರೆ ಅಲ್ಲಿ ದೂರದರ್ಶಕದವರು ಬೆಳದಿಂಗಳನ್ನು ಬೈಯುತ್ತ ಕೂತಿದ್ದರು. ಅಷ್ಟು ಬೆಳಕಿನಲ್ಲಿ ಅಷ್ಟು ಮಸುಕಾದ ಕಲ್ಲು ಕಾಣುವುದಿಲ್ಲ. ಚಂದ್ರ ಸರಿದ ಮೇಲೆ ಮತ್ತೆ ನೋಡಿದರು. ಫೆಬ್ರವರಿ 18ಕ್ಕೆ ಶೇ. 3.1 ಆಯಿತು, 24ರ ಹೊತ್ತಿಗೆ ಶೇ. 0.004ಕ್ಕೆ ಇಳಿಯಿತು. ವಿಡಿಯೊದವನು ಮೊದಲ ಅಂಕಿ ಹಿಡಿದುಕೊಂಡು ಎರಡನೆಯದನ್ನು ಬಿಟ್ಟ. ನಿನ್ನ ಹೆದರಿಕೆಗೆ ಮಾತ್ರ ನಾನು ನಗುವುದಿಲ್ಲ. ಬಿದ್ದರೆ ಎಲ್ಲಿ ಬೀಳಬಹುದು ಎಂದು ಎಳೆದ ಗೆರೆ ಪೆಸಿಫಿಕ್‌ನಿಂದ ಹೊರಟು ಆಫ್ರಿಕಾ, ಅರಬ್ಬೀ ಸಮುದ್ರ ದಾಟಿ ನಮ್ಮ ದೇಶದವರೆಗೂ ಬಂದಿತ್ತು.

ಇದು ಮೊದಲ ಸಲವೂ ಅಲ್ಲ. ಅಪಾಯ ಅಳೆಯುವ ಟೊರಿನೊ ಮಾಪಕ 0ಯಿಂದ 10ರವರೆಗೆ ಇದೆ. ವೈಆರ್4 ಅದರಲ್ಲಿ 3ಕ್ಕೆ ಏರಿತ್ತು. 4ಕ್ಕೆ ಏರಿದ್ದು ಇದುವರೆಗೆ ಅಪೋಫಿಸ್ ಎಂಬ ಕಲ್ಲೊಂದೇ, 2004ರ ಡಿಸೆಂಬರ್‌ನಲ್ಲಿ. 2029ಕ್ಕೆ ಬಡಿಯುವ ಸಾಧ್ಯತೆ ಆಗ ಶೇ. 2.7ರ ತನಕ ಹೋಗಿತ್ತು. ಅದೇ ವಾರ ಸುನಾಮಿ ಬಂದು, ಆಕಾಶದ ಕಡೆ ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಅಷ್ಟರಲ್ಲಿ ಅದೇ ವರ್ಷದ ಮಾರ್ಚ್ ತಿಂಗಳ ಹಳೆಯ ಚಿತ್ರಗಳಲ್ಲಿ ಅದೇ ಕಲ್ಲು ಮಸುಕಾಗಿ ಸಿಕ್ಕಿತು, 2029ರ ಭಯ ಮುಗಿಯಿತು. 2021ರಲ್ಲಿ ರಾಡಾರ್‌ನಿಂದ ಅಳೆದು, ಮುಂದಿನ 100 ವರ್ಷ ಇದರ ಕಾಟವಿಲ್ಲ ಎಂದರು.

ಇನ್ನು ನನ್ನ ಹೆದರಿಕೆ ಹೇಳುತ್ತೇನೆ. ಹೆಸರಿಟ್ಟು, ಅಂಕಿ ಹಾಕಿ, ದಿನಾ ನೋಡುತ್ತಿರುವ ಕಲ್ಲಿಗೆ ನಾನು ಹೆದರುವುದಿಲ್ಲ. 140 ಮೀಟರಿಗಿಂತ ದೊಡ್ಡ ಕಲ್ಲುಗಳು ಭೂಮಿಯ ಆಸುಪಾಸಿನಲ್ಲಿ ಸುಮಾರು 25 ಸಾವಿರ ಇರಬಹುದು ಎಂಬ ಅಂದಾಜಿದೆ, ಸಿಕ್ಕಿರುವುದು ಅರ್ಧಕ್ಕಿಂತ ಕಡಿಮೆ. ಸೂರ್ಯನ ದಿಕ್ಕಿನಿಂದ ಬರುವುದಂತೂ ನೆಲದ ಮೇಲಿನ ದೂರದರ್ಶಕಕ್ಕೆ ಕಾಣುವುದೇ ಇಲ್ಲ. 2013ರ ಫೆಬ್ರವರಿ 15ರ ಬೆಳಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ಊರಿನ ಮೇಲೆ ಸಿಡಿದದ್ದು ಹಾಗೆ ಬಂದ ಕಲ್ಲೇ, ಸುಮಾರು 20 ಮೀಟರ್ ಇತ್ತು. ಯಾರಿಗೂ ಮುನ್ಸೂಚನೆ ಇರಲಿಲ್ಲ. ಝಗ್ಗನೆ ಬೆಳಕು ಕಂಡಾಗ ಜನ ಕಿಟಕಿಗೆ ಓಡಿಬಂದು ಇಣುಕಿದರು. ಬೆಳಕು ಬಂದು ಸ್ವಲ್ಪ ಹೊತ್ತಿನ ಮೇಲೆ ಆಘಾತದ ಅಲೆ ಬಂದು ಊರೆಲ್ಲ ಗಾಜು ಪುಡಿಯಾಯಿತು. ಸುಮಾರು 1,500 ಮಂದಿಗೆ ಗಾಯ, ಹೆಚ್ಚಿನವರಿಗೆ ಗಾಜಿನಿಂದಲೇ. ಅಲ್ಲಿ ನಾಲ್ಕನೆಯ ತರಗತಿಯ ಒಬ್ಬ ಟೀಚರ್ ಬೆಳಕು ಕಂಡ ಕೂಡಲೇ 44 ಮಕ್ಕಳನ್ನೂ ಡೆಸ್ಕಿನ ಕೆಳಗೆ ಕೂರಿಸಿದಳು. ಒಂದು ಮಗುವಿಗೂ ಏನೂ ಆಗಲಿಲ್ಲ, ಗಾಜು ಕೊಯ್ದದ್ದು ಅವಳನ್ನೇ. ತರಗತಿಗೆ ಹೋಗಿ ನಿಂತಾಗ ಒಮ್ಮೊಮ್ಮೆ ನನಗೆ ಅವಳು ನೆನಪಾಗುತ್ತಾಳೆ. ನೀನೂ ಅಂಥ ಬೆಳಕು ಕಂಡರೆ ಕಿಟಕಿಯ ಹತ್ತಿರ ಸುಳಿಯಬೇಡ, ಮೊಬೈಲ್ ಹಿಡಿದು ವಿಡಿಯೊ ಮಾಡುವವರನ್ನೂ ಎಳೆದುಕೊಂಡು ಒಳಗೆ ಹೋಗು.

ಅಂದಹಾಗೆ, ವಿಡಿಯೊದಲ್ಲಿ ನಮ್ಮ ಮಸ್ಕಿ ಗುಡ್ಡದ, ಆನೆಗೊಂದಿಯ ಬಂಡೆಗಳನ್ನು ತೋರಿಸಿ ಇವೂ ಆಕಾಶದಿಂದ ಬಿದ್ದವು ಅನ್ನುತ್ತಾನಲ್ಲ, ಶುದ್ಧ ಬುರುಡೆ. ಅವು ಇಲ್ಲಿನವೇ, ಬಿಸಿಲು ಮಳೆಗೆ ಬಿರಿದು, ಸವೆದು ಗುಂಡಗಾದ ಗ್ರಾನೈಟ್. ಬಿದ್ದ ಕಲ್ಲಿನ ಗುರುತು ನೋಡಬೇಕೆಂದರೆ ಮಹಾರಾಷ್ಟ್ರದ ಲೋಣಾರ್‌ಗೆ ಹೋಗಬೇಕು, 1.8 ಕಿಲೋಮೀಟರ್ ಅಗಲದ ಕುಳಿ ಇದೆ. ದಸರೆಯ ರಜೆಗೆ ಹೋಗೋಣ ಎಂದರೆ ನಿಮ್ಮಪ್ಪ "ಕುಳಿ ನೋಡಾಕ ಅಷ್ಟು ದೂರ ಯಾಕ, ನಮ್ಮೂರ ರಸ್ತಿ ಸಾಲದಾ?" ಅಂತಾರೆ.

ತಡೆಯಲು ಆಗುತ್ತದೆಯೇ ಎಂದೂ ಕೇಳಿದ್ದೆ. ವರ್ಷಗಳ ಮೊದಲೇ ಗೊತ್ತಾದರೆ ಆಗಬಹುದು. 2022ರ ಸೆಪ್ಟೆಂಬರ್‌ನಲ್ಲಿ ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಸಣ್ಣ ಕಲ್ಲಿಗೆ ಬೇಕೆಂದೇ ಡಿಕ್ಕಿ ಹೊಡೆಯಿತು. ಅದು ತನ್ನ ಜೊತೆಯ ದೊಡ್ಡ ಕಲ್ಲನ್ನು ಸುತ್ತುವ ಹೊತ್ತು ಅರ್ಧ ಗಂಟೆಗಿಂತ ಜಾಸ್ತಿಯೇ ಇಳಿಯಿತು. ಮೊದಲೇ ಗೊತ್ತಾಗಬೇಕು ಅನ್ನುವುದೇ ಕಷ್ಟದ ಮಾತು.

ಹುಡುಕುವ ಕೆಲಸ ದೊಡ್ಡ ದೊಡ್ಡವರದ್ದು ಎಂದುಕೊಳ್ಳಬೇಡ. 2020ರ ಆಗಸ್ಟ್‌ನಲ್ಲಿ ಭೂಮಿಯಿಂದ ಬರೀ 2,950 ಕಿಲೋಮೀಟರ್ ಎತ್ತರದಲ್ಲಿ ಹಾದುಹೋದ 2020 ಕ್ಯೂಜಿ ಎಂಬ ಪುಟ್ಟ ಕಲ್ಲನ್ನು ಕ್ಯಾಲಿಫೋರ್ನಿಯಾದ ದೂರದರ್ಶಕದ ಚಿತ್ರಗಳಲ್ಲಿ ಗುರುತಿಸಿದವರು ಬಾಂಬೆ ಐಐಟಿಯ ವಿದ್ಯಾರ್ಥಿಗಳು. ಪಿಯುಸಿಯವರಿಗೂ ದಾರಿ ಇದೆ. ಇಂಟರ್‌ನ್ಯಾಷನಲ್ ಆಸ್ಟರಾಯ್ಡ್ ಸರ್ಚ್ ಕೊಲ್ಯಾಬರೇಷನ್ ಎನ್ನುವವರು ಹವಾಯಿಯ ದೂರದರ್ಶಕ ತೆಗೆದ ಚಿತ್ರಗಳನ್ನು ವಿದ್ಯಾರ್ಥಿಗಳ ತಂಡಗಳಿಗೆ ಪುಕ್ಕಟೆ ಕಳಿಸುತ್ತಾರೆ. ಅಸ್ಟ್ರೊಮೆಟ್ರಿಕಾ ಎಂಬ ತಂತ್ರಾಂಶದಲ್ಲಿ ಚಿತ್ರ ಓಡಿಸಿ ಸರಿಯುವ ಚುಕ್ಕಿ ಹುಡುಕಬೇಕು. ಬೇಸರ ಹಿಡಿಸುವ ಕೆಲಸ, ನಿನ್ನಂಥ ಹಟಮಾರಿಗೆ ಸರಿಹೊಂದುತ್ತದೆ. ಆ ತಂತ್ರಾಂಶಕ್ಕೆ ವಿಂಡೋಸ್ ಬೇಕು, ನಿಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇದೆಯಾ ಕೇಳು. ಫಿಸಿಕ್ಸ್ ಸರ್ ಒಪ್ಪಿದರೆ ಗೆಳತಿಯರನ್ನು ಸೇರಿಸಿ ತಂಡ ಮಾಡಿಕೋ, ಆ ವಿಡಿಯೊದ ಅಣ್ಣನ ತಂಗಿಯನ್ನೂ ಬಿಡಬೇಡ.

ಅಪೋಫಿಸ್ ನಮ್ಮ ಹತ್ತಿರ ಬರುವುದು 2029ರ ಏಪ್ರಿಲ್ 13ರ ರಾತ್ರಿ, ನಮ್ಮ ಗಡಿಯಾರದಲ್ಲಿ 14ರ ಬೆಳಗಿನ ಜಾವ ಮೂರು ಗಂಟೆ ಚಿಲ್ಲರೆಗೆ. ಸುಮಾರು 32 ಸಾವಿರ ಕಿಲೋಮೀಟರ್, ನಮ್ಮ ಟಿವಿ ಉಪಗ್ರಹಗಳಿಗಿಂತ ಕೆಳಗೆ. ಅದೇ 14ಕ್ಕೆ ಅಂಬೇಡ್ಕರ್ ಜಯಂತಿ. ಜಯಂತಿಯ ಕಾರ್ಯಕ್ರಮಕ್ಕೆ ನಾನು ಬೆಳಗ್ಗೆ ಶಾಲೆಗೆ ಹೋಗಲೇಬೇಕು, ಆದರೂ ಆ ರಾತ್ರಿ ಮಲಗುವುದಿಲ್ಲ. ಅಷ್ಟರಲ್ಲಿ ನೀನು ಡಿಗ್ರಿಯಲ್ಲಿರುತ್ತಿ, ಎಲ್ಲಿದ್ದರೂ ಊರಿಗೆ ಬಾ. ಬೈನಾಕ್ಯುಲರ್‌ಗೆ ಈಗಿನಿಂದಲೇ ದುಡ್ಡು ಕೂಡಿಡುತ್ತಿದ್ದೇನೆ, ಅಪ್ಪನಿಗೆ ಹೇಳಬೇಡ.

ಶೇಂಗಾ ಹಿಂಡಿ, ಸಜ್ಜಿ ರೊಟ್ಟಿ ಕಳಿಸಿದ್ದೇನೆ. ರೊಟ್ಟಿ ಬೇಗ ಮುಗಿಸಿರಿ. ವಿಂಡೋಸ್ ವಿಷಯ ಮುಂದಿನ ಭಾನುವಾರ ಫೋನಿನಲ್ಲಿ ಮೊದಲು ಹೇಳು, ಉಳಿದದ್ದು ಆಮೇಲೆ.

ನಿನ್ನ
ಅವ್ವ