ಬಿ.ಇಡಿ: ತರಗತಿಗೆ ಕಾಲಿಡದೆ ಶಿಕ್ಷಕರಾಗಲು ಬರುವುದಿಲ್ಲ

ಮಾನ್ಯ ಸಂಪಾದಕರೇ,

ಪದವಿ ಫಲಿತಾಂಶ ಬಂದರೆ ಸಾಕು, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಬಸ್ ನಿಲ್ದಾಣ, ಝೆರಾಕ್ಸ್ ಅಂಗಡಿಗಳ ಸುತ್ತ ಒಂದೇ ಮಾತು ಶುರುವಾಗುತ್ತದೆ: ‘ಬಿ.ಇಡಿ ಮಾಡ್ರಿ, ದಿನಾ ಕಾಲೇಜಿಗೆ ಬರೋದು ಬ್ಯಾಡ, ಪರೀಕ್ಷೆಗೆ ಬಂದ್ರ ಸಾಕು.’ ‘ನಾನ್ ಅಟೆಂಡಿಂಗ್’ ಎಂದು ರಾಜಾರೋಷವಾಗಿ ಹೇಳುವ ಈ ವ್ಯವಹಾರಕ್ಕೆ ನಿಯಮದಲ್ಲಿ ಎಳ್ಳಷ್ಟೂ ಜಾಗವಿಲ್ಲ. ಈ ವರ್ಷ ಸೇರಲಿರುವ ಹುಡುಗ ಹುಡುಗಿಯರಿಗೂ ಅವರ ತಂದೆ ತಾಯಿಗೂ ಇದು ಸ್ಪಷ್ಟವಾಗಿ ತಿಳಿಯಬೇಕು ಎಂದು ಈ ಪತ್ರ.

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 2014ರ ನಿಯಮಾವಳಿಯಲ್ಲಿ ಬಿ.ಇಡಿಯನ್ನು ಎರಡು ವರ್ಷದ ಪೂರ್ಣಾವಧಿ ಕೋರ್ಸ್ ಮಾಡಿತು. ಪ್ರವೇಶ ಮತ್ತು ಪರೀಕ್ಷೆಯ ದಿನಗಳನ್ನು ಬಿಟ್ಟು ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ವಾರಕ್ಕೆ ಕನಿಷ್ಠ 36 ಗಂಟೆ ಕಾಲೇಜು ನಡೆಯಬೇಕು. ತರಗತಿಗಳಿಗೆ ಶೇ 80, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ ಕಡ್ಡಾಯ. ಒಟ್ಟು 20 ವಾರ ಶಾಲೆಯೊಂದಿಗಿನ ಕೆಲಸ: ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಹದಿನಾರು ವಾರವೆಂದರೆ ವಾರಕ್ಕೆ ಆರು ದಿನದಂತೆ 96 ದಿನ. ಅದರಲ್ಲಿ ತಪ್ಪಿಸಿಕೊಳ್ಳಲು ಅವಕಾಶ ಇರುವುದು ಒಂಬತ್ತೇ ದಿನ. ಜ್ವರ, ಮದುವೆ, ಜಾತ್ರೆ ಎಲ್ಲವೂ ಅದರೊಳಗೇ ಮುಗಿಯಬೇಕು.

‘ಹಾಗಾದರೆ ದೂರಶಿಕ್ಷಣದಲ್ಲಿ ಮಾಡ್ತೀವಿ’ ಎನ್ನುವವರಿದ್ದಾರೆ. ಇಗ್ನೊದಂಥ ಮುಕ್ತ ವಿಶ್ವವಿದ್ಯಾಲಯದ ಬಿ.ಇಡಿ ಇರುವುದು ತರಬೇತಿ ಪಡೆದು ಸೇವೆಯಲ್ಲಿರುವ ಪ್ರಾಥಮಿಕ ಶಿಕ್ಷಕರಿಗೆ ಇಲ್ಲವೇ ಡಿ.ಇಎಲ್.ಇಡಿಯಂಥ (ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ) ಶಿಕ್ಷಕ ತರಬೇತಿಯನ್ನು ನೇರ ತರಗತಿಯಲ್ಲಿ ಮುಗಿಸಿದವರಿಗೆ. ಈಗಷ್ಟೇ ಬಿ.ಎ, ಬಿ.ಎಸ್ಸಿ ಮುಗಿಸಿದವರಿಗೆ ಆ ಬಾಗಿಲು ಇಲ್ಲ.

ಇಷ್ಟೊಂದು ದಿನ ಯಾಕೆ ಬೇಕು ಎಂದು ಕೇಳುವವರು ಒಂದು ಲೆಕ್ಕ ನೋಡಲಿ. ಬಿ.ಇಡಿಯಲ್ಲಿ ಮೊದಲು ಕಲಿಸುವುದು ಮೈಕ್ರೋ ಟೀಚಿಂಗ್. ಪ್ರಶ್ನೆ ಕೇಳುವುದು, ಪೀಠಿಕೆ ಹಾಕುವುದು, ಉದಾಹರಣೆ ಕೊಟ್ಟು ವಿವರಿಸುವುದು, ಕಪ್ಪುಹಲಗೆ ಬಳಸುವುದು, ಹೀಗೆ ಒಂದೊಂದೇ ಕೌಶಲವನ್ನು ಐದರಿಂದ ಹತ್ತು ಸಹಪಾಠಿಗಳ ಮುಂದೆ ಅಭ್ಯಾಸ ಮಾಡಬೇಕು. ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ, ಹನ್ನೆರಡು ನಿಮಿಷ ಮರುಯೋಜನೆ, ಆರು ನಿಮಿಷ ಮರುಪಾಠ, ಮತ್ತೆ ಆರು ನಿಮಿಷ ವಿಮರ್ಶೆ. ಒಟ್ಟು 36 ನಿಮಿಷ. ಐವತ್ತು ಜನರ ಒಂದು ಘಟಕಕ್ಕೆ ಒಂದು ಕೌಶಲ ಮುಗಿಯಲು 30 ಗಂಟೆ, ಐದು ಕೌಶಲಕ್ಕೆ 150 ಗಂಟೆ. ಎಂಟು ಬೋಧಕರು ಗುಂಪು ಹಂಚಿಕೊಂಡರೆ ಇದು ಹತ್ತೊಂಬತ್ತು ಗಂಟೆಯೊಳಗೆ ಆಗುವ ಕೆಲಸ. ಎರಡು ಘಟಕ, ಎರಡು ವರ್ಷ ಸೇರಿ 200 ವಿದ್ಯಾರ್ಥಿಗಳಿದ್ದರೆ 16 ಪೂರ್ಣಾವಧಿ ಬೋಧಕರಿರಬೇಕು ಎಂಬ ನಿಯಮ ಸುಮ್ಮನೆ ಬಂದದ್ದಲ್ಲ. ಮೂರ್ನಾಲ್ಕೇ ಬೋಧಕರಿರುವ ಕಾಲೇಜಿನಲ್ಲಿ ಮೊದಲು ಬಿಟ್ಟುಹೋಗುವುದು ಮರುಪಾಠ. ತಪ್ಪನ್ನು ತೋರಿಸಿದ ಮೇಲೆ ತಿದ್ದಿಕೊಂಡು ಮತ್ತೆ ಮಾಡುವ ಆ ಆರು ನಿಮಿಷದಲ್ಲೇ ಕಲಿಕೆ ಇರುವುದು. ಅದನ್ನು ಬಿಟ್ಟರೆ ಉಳಿಯುವುದು ರೆಕಾರ್ಡ್ ಪುಸ್ತಕದ ಸಹಿ ಮಾತ್ರ.

ಇದರ ಫಲ ಶಾಲೆಯಲ್ಲಿ ಕಾಣುತ್ತದೆ. ಏಳನೇ ತರಗತಿಯ ಗಣಿತ ತೆಗೆದುಕೊಳ್ಳಿ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸು ಎಂದರೆ ಎಷ್ಟೋ ಮಕ್ಕಳು ಮೇಲಿನ ಅಂಕಿಗೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/5 ಎಂದು ಬರೆಯುತ್ತಾರೆ. ತರಬೇತಿ ಇಲ್ಲದವರು ಅದಕ್ಕೆ ಕೆಂಪು ಗೆರೆ ಹೊಡೆದು, ಸರಿ ಉತ್ತರ 5/6 ಎಂದು ಹಲಗೆ ಮೇಲೆ ಬರೆದು, ‘ತಿಳೀತೇನು?’ ಎನ್ನುತ್ತಾರೆ. ಇಡೀ ತರಗತಿ ‘ತಿಳೀತ್ರಿ ಸರ್’ ಎನ್ನುತ್ತದೆ. ಮರುದಿನ ಮತ್ತೆ ಅದೇ ತಪ್ಪು. ಪಳಗಿದವರು ಆ ಮಗುವನ್ನು ಕೇಳುವುದೇ ಬೇರೆ: ‘ಅರ್ಧ ರೊಟ್ಟಿ ಇತ್ತು, ಅದಕ್ಕ ಇನ್ನಷ್ಟು ಸೇರಿಸಿದಿ. ಈಗ ಹೆಚ್ಚಾಗಬೇಕೋ, ಕಡಿಮಿ ಆಗಬೇಕೋ? 2/5 ಅಂದ್ರ ಅರ್ಧಕ್ಕಿಂತ ಹೆಚ್ಚೋ ಕಡಿಮಿಯೋ?’ ಮಗು ತನ್ನ ಉತ್ತರವನ್ನು ತಾನೇ ಅನುಮಾನಿಸತೊಡಗುತ್ತದೆ. ಆಮೇಲೆ ಛೇದ ಸಮ ಮಾಡುವುದು ಯಾಕೆ ಎಂಬುದು ತಲೆಗೆ ಹೋಗುತ್ತದೆ. ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ ಎಂದು ಬಿ.ಇಡಿ ಪುಸ್ತಕದಲ್ಲಿ ದೊಡ್ಡ ಹೆಸರಿನಿಂದ ಇರುವುದು ಇದೇ. ಇದನ್ನು ಗೈಡ್ ಓದಿ ಕಲಿಯಲು ಆಗುವುದಿಲ್ಲ. ನಲವತ್ತು ಮಕ್ಕಳ ನೋಟ್‌ಬುಕ್ ತಿರುವಿಹಾಕಿ, ಯಾವ ತಪ್ಪು ಎಷ್ಟು ಮಕ್ಕಳಲ್ಲಿದೆ ಎಂದು ಪಟ್ಟಿ ಮಾಡಿಯೇ ಕಲಿಯಬೇಕು.

ಇಂಟರ್ನ್‌ಶಿಪ್ ಹಾಳಾಗುವ ದಾರಿ ಎರಡು. ಒಂದು ಎಲ್ಲರಿಗೂ ಗೊತ್ತಿರುವುದೇ: ಶಾಲೆಗೆ ಹೋಗದೆ, ಹಿಂದಿನ ಬ್ಯಾಚಿನವರ ಪಾಠಯೋಜನೆ, ಘಟಕ ಪರೀಕ್ಷೆ, ಪ್ರಕರಣ ಅಧ್ಯಯನ, ಕ್ರಿಯಾ ಸಂಶೋಧನೆ (ತರಗತಿಯ ಒಂದು ತೊಡಕು ಹಿಡಿದು ಪರಿಹಾರ ಮಾಡಿನೋಡುವ ಅಧ್ಯಯನ) ಇವನ್ನೆಲ್ಲ ನಕಲು ಮಾಡಿ ಹೊಸ ರಟ್ಟು ಹಾಕಿಸಿ ಕೊಡುವುದು. ಇನ್ನೊಂದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಶಿಕ್ಷಕರ ಹುದ್ದೆ ಖಾಲಿ ಇರುವ ಶಾಲೆಗೆ ಪ್ರಶಿಕ್ಷಣಾರ್ಥಿ, ಅಂದರೆ ಬಿ.ಇಡಿ ವಿದ್ಯಾರ್ಥಿ, ಹೋದರೆ ಮೊದಲ ದಿನವೇ ಆರು ಪೀರಿಯಡ್ ಹೊರಿಸಿಬಿಡುತ್ತಾರೆ. ಮುಖ್ಯಶಿಕ್ಷಕರ ಕಷ್ಟ ನಿಜವೇ. ಆದರೆ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡುವ ಹಿರಿಯರಿಲ್ಲದೆ ದಿನವಿಡೀ ಒಬ್ಬರೇ ಗಂಟಲು ಹರಿದುಕೊಂಡರೆ ಕಲಿಯುವುದು ತರಗತಿ ಸುಮ್ಮನಿರಿಸುವ ವಿದ್ಯೆ ಒಂದನ್ನೇ.

ಹದಿನಾರು ವಾರಗಳನ್ನು ಹೀಗೆ ಹಂಚಿಕೊಂಡರೆ ಪ್ರಯೋಜನವಿದೆ. ಮೊದಲ ವಾರ ಪಾಠ ಮಾಡಬಾರದು. ಬೇರೆ ಬೇರೆ ಶಿಕ್ಷಕರ ತರಗತಿಯಲ್ಲಿ ಕೂತು ನೋಡಬೇಕು, ಹಾಜರಿ ಪುಸ್ತಕ ನೋಡಿ ಸತತವಾಗಿ ಬಾರದ ಮಕ್ಕಳನ್ನು ಗುರುತಿಸಬೇಕು. ಮಾನ್ವಿ, ಸಿಂಧನೂರು, ಸಿರುಗುಪ್ಪ ಕಡೆ ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ದಿನಗಳಲ್ಲಿ ಯಾವ ಮಕ್ಕಳು ಕಾಣೆಯಾಗುತ್ತಾರೆ ಎಂಬುದು ಆ ಪುಸ್ತಕದಲ್ಲೇ ಇರುತ್ತದೆ. ಎರಡನೇ ವಾರದಿಂದ ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಪೀರಿಯಡ್. ವಾರದಲ್ಲಿ ಎರಡು ಪಾಠವನ್ನಾದರೂ ಮಾರ್ಗದರ್ಶಿ ಶಿಕ್ಷಕರು ಪೂರ್ತಿ ಕೂತು ನೋಡಿ ಬರೆದುಕೊಡಬೇಕು. ಪಠ್ಯದ ಒಂದು ಘಟಕ ಮುಗಿದ ಕೂಡಲೇ ಪ್ರಶ್ನೆ, ಅಂಕ ಹಂಚಿಕೆಯ ನೀಲನಕ್ಷೆ ಹಾಕಿ ಘಟಕ ಪರೀಕ್ಷೆ. ಪೂರಾ ಸ್ಮರಣೆಯ ಪ್ರಶ್ನೆಗಳೇ ತುಂಬದಂತೆ ಗ್ರಹಿಕೆ, ಅನ್ವಯಕ್ಕೂ ಅಂಕ ಹಂಚಬೇಕು. ಕ್ರಿಯಾ ಸಂಶೋಧನೆಯನ್ನು ಕೊನೆಯ ವಾರಕ್ಕೆ ಇಟ್ಟುಕೊಂಡವರು ನಕಲು ಮಾಡದೆ ಗತ್ಯಂತರವಿಲ್ಲ. ಆರನೇ ವಾರಕ್ಕೇ ಐದಾರು ಮಕ್ಕಳ ಒಂದು ಸಣ್ಣ ತೊಡಕನ್ನು ಹಿಡಿದು, ಪೂರ್ವ ಪರೀಕ್ಷೆ ಕೊಟ್ಟು, ಎರಡು ವಾರ ಪರಿಹಾರ ಬೋಧನೆ ಮಾಡಿ, ಮತ್ತೆ ಪರೀಕ್ಷೆ ಮಾಡಿ ನೋಡಲು ಸಮಯ ಬೇಕು.

ಕಾಲದ ಪ್ರಶ್ನೆಯೂ ಇದೆ. ಜೂನ್ ಮಧ್ಯದಲ್ಲಿ ಶುರುವಾದರೆ ಹದಿನಾರು ವಾರ ಅಕ್ಟೋಬರ್ ಮೊದಲ ವಾರಕ್ಕೆ, ದಸರಾ ರಜೆ ಹೊತ್ತಿಗೆ ಮುಗಿಯುತ್ತದೆ. ಬಿ.ಇಡಿ ಪ್ರವೇಶ ತಡವಾದಷ್ಟೂ ಇಂಟರ್ನ್‌ಶಿಪ್ ಜನವರಿ, ಫೆಬ್ರವರಿಗೆ ಜಾರುತ್ತದೆ. ಆಗ ಎಸ್ಸೆಸ್ಸೆಲ್ಸಿ ಪುನರಾವರ್ತನೆ ನಡೆದಿರುತ್ತದೆ. ಹತ್ತನೇ ತರಗತಿಯನ್ನು ಹೊಸಬರ ಕೈಗೆ ಯಾವ ಮುಖ್ಯಶಿಕ್ಷಕರೂ ಕೊಡುವುದಿಲ್ಲ, ಕೊಡಲೂಬಾರದು.

ಯಾವ ಹುದ್ದೆಗೆ ಯಾವ ಕೋರ್ಸ್ ಎಂಬಲ್ಲಿಯೂ ಬಹಳ ಮಂದಿ ಎಡವುತ್ತಾರೆ. ಒಂದರಿಂದ ಐದನೇ ತರಗತಿಗೆ ಬಿ.ಇಡಿ ಈಗ ನಡೆಯುವುದಿಲ್ಲ. 2018ರ ಎನ್‌ಸಿಟಿಇ ಅಧಿಸೂಚನೆ ಕೊಟ್ಟಿದ್ದ ಅವಕಾಶವನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ತಳ್ಳಿಹಾಕಿತು, ಅಲ್ಲಿಗೆ ಡಿ.ಇಎಲ್.ಇಡಿಯೇ ಬೇಕು. ಆರರಿಂದ ಎಂಟಕ್ಕೆ ಪದವಿ, ಬಿ.ಇಡಿ, ಜೊತೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿಇಟಿ) ಎರಡನೇ ಪತ್ರಿಕೆ. ಅದು 150 ಅಂಕದ್ದು, ಸಾಮಾನ್ಯ ವರ್ಗಕ್ಕೆ 90 ಬಂದರೆ ತೇರ್ಗಡೆ, ಪ್ರಮಾಣಪತ್ರ ಜೀವನಪೂರ್ತಿ ಊರ್ಜಿತ. ಪಿಯು ಉಪನ್ಯಾಸಕರಾಗಲು ಶೇ 55 ಅಂಕದ ಸ್ನಾತಕೋತ್ತರ ಪದವಿಯ ಜೊತೆಗೆ ಬಿ.ಇಡಿ. ಎಂ.ಇಡಿ ಮಾಡಿದರೆ ಶಾಲೆಯಲ್ಲಿ ಬೇಗ ಕೆಲಸ ಸಿಗುತ್ತದೆ ಎಂಬ ಮಾತು ಸುಳ್ಳು, ಅದು ಬಿ.ಇಡಿ ಕಾಲೇಜಿನಲ್ಲಿ ಪಾಠ ಮಾಡಬಯಸುವವರ ಓದು. ಬೋಧನಾ ವಿಷಯಗಳನ್ನು ಆರಿಸುವಾಗ ಪದವಿಯಲ್ಲಿ ಐಚ್ಛಿಕವಾಗಿ ಓದಿದ ವಿಷಯಗಳನ್ನೇ ಹಿಡಿಯಿರಿ. ಕಡ್ಡಾಯ ಭಾಷೆಯಾಗಿ ಓದಿದ ಇಂಗ್ಲಿಷ್ ಬೇರೆ, ಐಚ್ಛಿಕ ಇಂಗ್ಲಿಷ್ ಬೇರೆ. ನೇಮಕಾತಿ ವೇಳೆ ಈ ಗೊಂದಲ ಬಯಲಾದರೆ ಆಗ ಯಾರೂ ಸರಿಪಡಿಸಲಾರರು.

ಪ್ರವೇಶಕ್ಕೆ ಪದವಿಯಲ್ಲಿ ಶೇ 50, ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1ಕ್ಕೆ ಶೇ 45 ಅಂಕ ಬೇಕು. ಸರ್ಕಾರಿ ಕೋಟಾದ ಸೀಟುಗಳನ್ನು ಹಂಚುವುದು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ. ಅರ್ಜಿ ಕರೆದ ಮೇಲೆ ಓಡಾಡುವ ಬದಲು, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿ ಕಚೇರಿಯಿಂದ ಈಗಲೇ ಪಡೆದಿಡಿ. ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯಶಿಕ್ಷಕರ ಸಹಿಯೊಂದೇ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಶುಲ್ಕ ಕಟ್ಟುವ ಮುನ್ನ ಕಾಲೇಜಿಗೆ ಎನ್‌ಸಿಟಿಇ ಕೊಟ್ಟ ಮಾನ್ಯತೆ ಆದೇಶ ತೋರಿಸಿ ಎಂದು ಕೇಳಿ. ಎಷ್ಟು ಸೀಟಿಗೆ ಅನುಮತಿ ಎಂಬುದು ಅದರಲ್ಲೇ ಇರುತ್ತದೆ. ಆ ಸಾಲಿನ ವಿಶ್ವವಿದ್ಯಾಲಯ ಸಂಯೋಜನೆಯನ್ನೂ ನೋಡಿ. ಕಳೆದ ವರ್ಷದ ಇಂಟರ್ನ್‌ಶಿಪ್ ಯಾವ ಶಾಲೆಗಳಲ್ಲಿ ನಡೆಯಿತು ಎಂದು ಕೇಳಿ, ಆ ಶಾಲೆಗೇ ಒಮ್ಮೆ ಹೋಗಿ ವಿಚಾರಿಸಿ. ಇನ್ನೊಂದು ಎಚ್ಚರಿಕೆ: ಪೂರ್ಣಾವಧಿ ಬಿ.ಇಡಿಯ ಅದೇ ದಿನಾಂಕಗಳಲ್ಲಿ ಬೇರೆಡೆ ಪೂರ್ಣಾವಧಿ ಕೆಲಸ ಮಾಡಿದ ಸೇವಾ ಪ್ರಮಾಣಪತ್ರವೂ ಇದ್ದರೆ, ದಾಖಲೆ ಪರಿಶೀಲನೆಯಲ್ಲಿ ಒಂದು ಕಾಗದವೇ ಇನ್ನೊಂದನ್ನು ಸುಳ್ಳು ಮಾಡುತ್ತದೆ.

371ಜೆ ಪ್ರಕಾರ ಈ ಭಾಗದ ಸ್ಥಳೀಯ ವೃಂದದ ‘ಸಿ’ ಗುಂಪಿನ ಹುದ್ದೆಗಳಲ್ಲಿ ಶೇ 80 ನಮ್ಮವರಿಗೇ ಮೀಸಲು. ಹೋರಾಡಿ ಪಡೆದ ಹಕ್ಕು ಇದು. ಅದರರ್ಥ, ಇಲ್ಲಿನ ಕಾಲೇಜುಗಳಲ್ಲಿ ತಯಾರಾದವರೇ ನಾಳೆ ದೇವದುರ್ಗ, ಯಲಬುರ್ಗಾ, ಸಂಡೂರಿನ ಹಳ್ಳಿ ಶಾಲೆಗಳಿಗೆ ಹೋಗುತ್ತಾರೆ. ತರಬೇತಿ ಪೊಳ್ಳಾದರೆ ಅದರ ಪೆಟ್ಟು ಬೀಳುವುದು ನಮ್ಮದೇ ಊರಿನ, ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಕ್ಕಳ ಮೇಲೆ.

ಆದ್ದರಿಂದ ಸಂಬಂಧಪಟ್ಟವರಲ್ಲಿ ಕೆಲವು ಬೇಡಿಕೆ. ಯಾವ ಕಾಲೇಜಿನ ಎಷ್ಟು ಪ್ರಶಿಕ್ಷಣಾರ್ಥಿಗಳು, ಯಾವ ಶಾಲೆಯಲ್ಲಿ, ಯಾವ ದಿನಾಂಕದಿಂದ ಎಂಬ ಪಟ್ಟಿಯನ್ನು ಮೂರೂ ಜಿಲ್ಲೆಗಳ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಸಾರ್ವಜನಿಕವಾಗಿ ಪ್ರಕಟಿಸಲಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರೇ ಹೋಗಿ ನೋಡಬಹುದು. ಬಳ್ಳಾರಿ, ರಾಯಚೂರು, ಕೊಪ್ಪಳದ ವಿಶ್ವವಿದ್ಯಾಲಯಗಳು ಶಾಲೆಯ ಮುಖ್ಯಶಿಕ್ಷಕರು ದೃಢೀಕರಿಸಿದ ದಿನವಾರು ಹಾಜರಾತಿ ಇಲ್ಲದವರನ್ನು ಪ್ರಾಯೋಗಿಕ ಪರೀಕ್ಷೆಗೆ ಕೂರಿಸದಿರಲಿ. ಪ್ರವೇಶ ಪ್ರಕ್ರಿಯೆ ಶಾಲಾ ವೇಳಾಪಟ್ಟಿಗೆ ಹೊಂದುವಂತೆ ಮುಂಚಿತವಾಗಿ ಮುಗಿಯಲಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ‘ನಾನ್ ಅಟೆಂಡಿಂಗ್’ ಕಡೆ ಹೋಗುವವರೆಲ್ಲ ಸೋಮಾರಿಗಳಲ್ಲ. ಎರಡು ವರ್ಷ ದುಡಿಯದೆ ಕೂತರೆ ಒಲೆ ಹೊತ್ತದ ಮನೆಗಳಿಂದ ಬಂದವರು ಅವರಲ್ಲಿ ಬಹಳ. ಶಾಲಾ ಕೊಠಡಿಗಳಿಗೆ ಹಣ ಕೊಡುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಇಂಟರ್ನ್‌ಶಿಪ್‌ನ ಆ ನಾಲ್ಕು ತಿಂಗಳು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ಈ ಭಾಗದ ಬಡ ಪ್ರಶಿಕ್ಷಣಾರ್ಥಿಗಳಿಗೆ ತಿಂಗಳ ಶಿಷ್ಯವೇತನವನ್ನೂ ಬಸ್ ಪಾಸನ್ನೂ ಕೊಡಲಿ. ಹಣ ಬಿಡುಗಡೆಗೆ ಶಾಲೆಯ ಹಾಜರಾತಿಯನ್ನೇ ಆಧಾರ ಮಾಡಲಿ. ಮಂಡಳಿಯ ಮುಂದಿನ ಕ್ರಿಯಾ ಯೋಜನೆಯಲ್ಲಿ ಇದನ್ನು ಸೇರಿಸುವಂತೆ ಮೂರೂ ಜಿಲ್ಲೆಗಳ ಶಾಸಕರು ಈ ವರ್ಷವೇ ಒತ್ತಾಯಿಸಬೇಕೆಂದು ಕೋರುತ್ತೇವೆ.

ಇಂತಿ,
ಶಿಕ್ಷಕರ ತರಬೇತಿ ಕ್ಷೇತ್ರದ ಕೆಲವು ನಿವೃತ್ತ ಬೋಧಕರು,
ರಾಯಚೂರು