ಪ್ರಬಂಧಕ್ಕೆ ಮೊಳೆ ಬಿತ್ತು, ಇನ್ನು ಋಣದ ಮಾತು

ನಾರ್ವೆ ಸ್ಪ್ರೂಸ್ ಎಂಬ ಸೂಜಿಎಲೆ ಮರವನ್ನು ಅಂಗಾಂಶ ಕೃಷಿಯಿಂದ, ಅಂದರೆ ಪ್ರಯೋಗಾಲಯದಲ್ಲಿ ಗಿಡದ ಚೂರಿನಿಂದ, ಬೆಳೆಸುವ ಬಗೆಗಿನ ನನ್ನ ಪಿಎಚ್.ಡಿ. ಪ್ರಬಂಧವನ್ನು ಕಳೆದ ವಾರ ವಿಭಾಗದ ಹಲಗೆಗೆ ಮೊಳೆ ಹೊಡೆದು ನೇತುಹಾಕಿದೆ. ಮೌಖಿಕ ಪರೀಕ್ಷೆಗೆ ಕೆಲವು ವಾರ ಮುಂಚೆ ಹೀಗೆ ಎಲ್ಲರ ಕಣ್ಣಿಗೆ ಬೀಳುವಂತೆ ಇಡುವುದು ಸ್ವೀಡನ್ನಿನ ಪದ್ಧತಿ. ನಡುವೆ ಒಂದು ಚಳಿಗಾಲ ಕೆಲಸ ನಿಂತುಹೋಗಿತ್ತು.

ನನ್ನ ಮಾರ್ಗದರ್ಶಕರು, ನಾನು ಮಲಗಿದ್ದಾಗ ಕೋಶ ಬೆಳೆಸುವ ಪೆಟ್ರಿ ತಟ್ಟೆಗಳಿಗೆ ಹೊಸ ಆಹಾರ ಹಾಕಿದ ಜೊತೆಗಾರರು, ಹಬ್ಬಕ್ಕೆ ಹೋಳಿಗೆ ಕಟ್ಟಿಕೊಟ್ಟ ಇಲ್ಲಿನ ಕನ್ನಡದ ಮನೆಗಳು, ಶಿರಸಿಯಿಂದ ಫೋನ್ ಮಾಡಿ ಊಟದ ಮಾತಷ್ಟೇ ಕೇಳುತ್ತಿದ್ದ ಅಮ್ಮ, ಅಕ್ಕ: ಎಲ್ಲರಿಗೂ ನಮಸ್ಕಾರ.

ಆದರೆ ದೊಡ್ಡ ಋಣ ನಮ್ಮ ಪ್ರಯೋಗಾಲಯದ ಹಿರಿಯ ತಂತ್ರಜ್ಞೆಯದು. ಹೆಸರು ಬರೆಯಬೇಡ ಎಂದಿದ್ದಾರೆ.

ನಮ್ಮ ಕಡೆ ಅಂಗಾಂಶ ಕೃಷಿ ಎಂದರೆ ಬಾಳೆ. ಬಾಳೆಯಲ್ಲಿ ಕಂದಿನ ತುದಿಯಿಂದ ಬೇಕೆಂದಾಗ ಹೊಸದಾಗಿ ಶುರುಮಾಡಬಹುದು. ನಾರ್ವೆ ಸ್ಪ್ರೂಸ್ ಹಾಗೆ ಒಲಿಯುವುದಿಲ್ಲ. ಬೀಜದೊಳಗಿನ ಎಳೆ ಭ್ರೂಣದಿಂದ ಕೋಶರಾಶಿ ಎಬ್ಬಿಸಬೇಕು. 1985ರಲ್ಲಿ ಇದೇ ದೇಶದ ಇಂಗರ್ ಹಾಕ್‌ಮನ್ ಮತ್ತು ಸಾರಾ ಫಾನ್ ಆರ್ನಾಲ್ಡ್ ಅದರಿಂದ ಸಸಿ ಪಡೆದು ತೋರಿಸಿದರು. ಆಕ್ಸಿನ್, ಸೈಟೊಕೈನಿನ್ ಎಂಬ ಸಸ್ಯ ಹಾರ್ಮೋನುಗಳು ಸೇರಿದ ಆಹಾರದಲ್ಲಿ ರಾಶಿ ಹೆಚ್ಚುತ್ತದೆ. ಅವನ್ನು ತಪ್ಪಿಸಿ ಅಬ್ಸಿಸಿಕ್ ಆಮ್ಲ ಎಂಬ ಇನ್ನೊಂದು ಹಾರ್ಮೋನು ಕೊಟ್ಟರೆ ಭ್ರೂಣಗಳು ಬಲಿಯುತ್ತವೆ. ಪ್ರತಿ ತಳಿಯ ಕೋಶರಾಶಿಯ ಒಂದು ಪಾಲನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಟ್ಟು, ಇನ್ನೊಂದು ಪಾಲಿನ ಸಸಿಗಳನ್ನು ನೆಲಕ್ಕೆ ನೆಡುತ್ತಾರೆ. ಯಾವ ತಳಿ ಚೆನ್ನಾಗಿ ಬೆಳೆಯಿತೆಂದು ತಿಳಿಯಲು ವರ್ಷಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಮರಕ್ಕೆ ವಯಸ್ಸಾಗಿ, ಅದರಿಂದ ಮತ್ತೆ ಕೋಶರಾಶಿ ಎಬ್ಬಿಸುವುದು ಬಲು ಕಷ್ಟ. ಆಗ ಹೆಪ್ಪುಗಟ್ಟಿಸಿ ಇಟ್ಟದ್ದೇ ಗತಿ.

ಅಂಥ ದ್ರವ ಸಾರಜನಕದ ಒಂದು ತೊಟ್ಟಿಯ ಎಚ್ಚರಿಕೆ ಗಂಟೆ ಹೊಡೆದದ್ದು ಜನವರಿಯ ಒಂದು ರಾತ್ರಿ. ಅದರಲ್ಲಿ ನನ್ನ ತಳಿಗಳ ಜೊತೆಗೆ ನನಗಿಂತ ಮೊದಲು ದುಡಿದವರ ತಳಿಗಳೂ ಇದ್ದವು. ಆ ತಂತ್ರಜ್ಞೆಯ ಪಾಳಿಯಲ್ಲದಿದ್ದರೂ ನಾನು ಓಡಿ ಬರುವ ಹೊತ್ತಿಗೆ ಅವರು ಬಾಗಿಲಲ್ಲಿ ನಿಂತಿದ್ದರು. ಸಾರಜನಕ ಸೋರಿದ ಕೋಣೆಯಲ್ಲಿ ಉಸಿರಾಡಲು ಆಮ್ಲಜನಕ ಸಾಲದು. ಆಮ್ಲಜನಕದ ಮಾಪಕ ಸರಿ ಮಟ್ಟ ತೋರಿಸುವವರೆಗೆ ನನ್ನನ್ನು ತೋಳು ಹಿಡಿದು ನಿಲ್ಲಿಸಿದರು. ಆಮೇಲೆ ಬೆಳಗಿನವರೆಗೆ ಸೀಸೆಗಳನ್ನು ಬೇರೆ ತೊಟ್ಟಿಗೆ ಸಾಗಿಸಿದರು. ತಾಪ ಏರಿದರೆ ಕೋಶದೊಳಗೆ ಮಂಜಿನ ಹರಳು ಬೆಳೆದು ಎಲ್ಲ ಹಾಳು. ಅಷ್ಟು ಅವಸರದಲ್ಲೂ ಪ್ರತಿ ಚೀಟಿಯನ್ನು ಓದಿ ಹೇಳಿದರು, ನಾನು ಬರೆದುಕೊಂಡೆ.

ನಡುರಾತ್ರಿ ನನ್ನ ಕೈ ನಡುಗಿತು. ಗೋಡೆಗೊರಗಿ ಅತ್ತೆ. ಎಲ್ಲ ಬಿಟ್ಟು ಊರಿಗೆ ಹೋಗುತ್ತೇನೆ ಎಂದೆ. ಹೋಗುವೆಯಂತೆ, ಮೊದಲು ಈ ಪೆಟ್ಟಿಗೆ ಮುಗಿಯಲಿ ಎಂದು ಪೆನ್ನನ್ನು ಮತ್ತೆ ಕೈಗಿಟ್ಟರು. ಆ ಮಾತಿನ ಬಲದಿಂದಲೇ ನಾನು ಇಲ್ಲಿ ಉಳಿದೆ. ಇದನ್ನು ಅವರಿಗೂ ಈವರೆಗೆ ಹೇಳಿಲ್ಲ.

ಆಮೇಲೆ ಕರಗಿಸಿ ನೋಡಿದಾಗ ಕೆಲವು ತಳಿಗಳು ಚೇತರಿಸಿಕೊಳ್ಳಲಿಲ್ಲ, ಹೆಚ್ಚಿನವು ಬೆಳೆದವು. ಪ್ರಬಂಧದ ಕೊನೆಯ ಎರಡು ಅಧ್ಯಾಯಗಳು ಅವುಗಳಿಂದಲೇ ಬಂದವು.

ಪರೀಕ್ಷೆಯ ದಿನ ಮುಂದಿನ ಸಾಲಿನಲ್ಲಿ ಅವರಿಗೊಂದು ಕುರ್ಚಿ ಕಾದಿರಿಸಿದ್ದೇನೆ. ಅವರದು ಬಾಗಿಲ ಬಳಿ ನಿಂತೇ ಕೇಳುವ ಸ್ವಭಾವ. ಅಕ್ಕಾ, ಹೇಗೂ ನೀನು ಬರುತ್ತಿದ್ದೀಯಲ್ಲ, ಅವರನ್ನು ಕರೆತಂದು ಕೂರಿಸುವ ಹೊಣೆ ನಿನ್ನದು.