ಗಣಿ ದುಡ್ಡು ಮೊದಲು ಹಾಳಾದ ಹೊಲಕ್ಕೆ, ದೂಳು ಕುಡಿದ ಎದೆಗೆ ಬರಲಿ

ಮಾನ್ಯ ಸಂಪಾದಕರೇ,

ನಾನು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ರೈತ. ಕಬ್ಬಿಣದ ಅದಿರಿನ ಲಾರಿ ಓಡಾಡುವ ರಸ್ತೆಗೆ ಅಂಟಿಕೊಂಡೇ ನಮ್ಮ ಐದು ಎಕರೆ ಹೊಲ ಇದೆ. ಅದರಲ್ಲಿ ಎರಡು ಎಕರೆ ಈಗ ಹೆಸರಿಗಷ್ಟೇ ಹೊಲ. ಆ ಎರಡು ಎಕರೆಯ ಕತೆ ನಮ್ಮೊಬ್ಬರದೇ ಅಲ್ಲ. ಅದಕ್ಕೇ ಈ ಪತ್ರ.

2003ರಲ್ಲಿ ಸರ್ಕಾರ ಖಾಸಗಿಯವರಿಗೆ ಗಣಿ ಬಾಗಿಲು ಅಗಲವಾಗಿ ತೆರೆಯಿತು. ಚೀನಾದಲ್ಲಿ 2008ರ ಒಲಿಂಪಿಕ್ಸ್‌ ತಯಾರಿ ನಡೆದಿತ್ತು. ಅಲ್ಲಿಗೆ ಉಕ್ಕು ಬೇಕಿತ್ತು, ಉಕ್ಕಿಗೆ ಅದಿರು ಬೇಕಿತ್ತು. ನಮ್ಮ ಗುಡ್ಡದ ಮಣ್ಣಿಗೆ ಎಲ್ಲಿಲ್ಲದ ರೇಟು ಬಂತು. ಅದಿರು ರಾಶಿ ಹಾಕಲು ರಸ್ತೆ ಪಕ್ಕದ ಹೊಲ ಬೇಕು ಅಂತ ಜನ ಮನೆ ಬಾಗಿಲಿಗೇ ಬಂದರು. ಅಪ್ಪ ಎರಡು ಎಕರೆ ಬಾಡಿಗೆಗೆ ಕೊಟ್ಟರು. ಶೇಂಗಾ, ಮೆಕ್ಕೆಜೋಳ ಬೆಳೆದರೆ ವರ್ಷಕ್ಕೆ ಉಳಿಯುವಷ್ಟು ದುಡ್ಡು ತಿಂಗಳಿಗೇ ಬರುತ್ತಿತ್ತು. ಅಪ್ಪ ಮಾಡಿದ್ದು ತಪ್ಪು ಅಂತ ನಾನು ಯಾವತ್ತೂ ಹೇಳಿಲ್ಲ. ಆ ದುಡ್ಡಿನಲ್ಲೇ ತಂಗಿಯ ಮದುವೆ ಆಯಿತು, ಸೋರುತ್ತಿದ್ದ ಮನೆಗೆ ಆರ್‌ಸಿಸಿ ಬಿತ್ತು.

ಅಕ್ರಮ ಗಣಿಗಾರಿಕೆ ಮಿತಿಮೀರಿತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಮರು ತಿಂಗಳು ಚಿತ್ರದುರ್ಗ, ತುಮಕೂರಿನಲ್ಲೂ ನಿಂತಿತು. ನಮ್ಮ ಹೊಲ ಹಿಡಿದಿದ್ದವರು ರಾಶಿ ಎತ್ತಿಕೊಂಡು ಹೋದವರು ತಿರುಗಿ ಬರಲಿಲ್ಲ. ಹೊಲ ಮೊದಲಿನ ಹಾಗೆ ಮಾಡಿಕೊಡುತ್ತೇವೆ ಅಂದಿದ್ದರು. ಅದು ಬರೀ ಬಾಯಿಮಾತು, ಕಾಗದದಲ್ಲಿ ಏನೂ ಇರಲಿಲ್ಲ.

ಈಗ ಆ ಹೊಲಕ್ಕೆ ಬಂದು ಕಾಲಿಟ್ಟು ನೋಡಿ. ಮೇಲೆ ಗೇಣುದ್ದ ಕೆಂಪು ಪುಡಿ. ಅದರ ಕೆಳಗೆ ವರ್ಷಗಟ್ಟಲೆ ಟಿಪ್ಪರ್, ಲೋಡರ್ ಓಡಾಡಿ ಕಲ್ಲಾದ ಪದರ. ಮಳೆ ಬಿದ್ದರೆ ನೀರು ಇಂಗುವುದಿಲ್ಲ, ತಟ್ಟೆಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ಎರಡು ದಿನ ಬಿಸಿಲು ಬಿದ್ದರೆ ಬಿರಿಯುತ್ತದೆ. ಟ್ರ್ಯಾಕ್ಟರ್ ಬಿಟ್ಟು ಎರಡು ಸಲ ಆಳಕ್ಕೆ ಉಳುಮೆ ಮಾಡಿಸಿದೆವು, ಕೆರೆ ಗೋಡು ಹೊಡೆಸಿದೆವು, ಗೊಬ್ಬರ ಸುರಿದೆವು. ಅದೇ ದಿನ ಬಿತ್ತಿದ ಮೆಕ್ಕೆಜೋಳ ಮೇಲಿನ ಮೂರು ಎಕರೆಯಲ್ಲಿ ಎದೆಮಟ್ಟ ಬಂದರೆ, ಇಲ್ಲಿ ಮೊಣಕಾಲಿಗೆ ಬಂದು ಹಳದಿಯಾಗುತ್ತದೆ. ಇದೇ ರಸ್ತೆಯಲ್ಲಿ ಎರಡು ಕಿಲೋಮೀಟರ್ ನಡೆದರೆ ಇಂಥ ಹೊಲ ಒಂಬತ್ತು ಸಿಗುತ್ತವೆ. ನಾನೇ ಎಣಿಸಿದ್ದೇನೆ.

ಈ ಹೊಲಗಳ ಜವಾಬ್ದಾರಿ ಯಾರದು ಎಂದು ಕೇಳಲು ಒಂದು ಕಚೇರಿಗೆ ಹೋಗಿದ್ದೆ. ‘ನಿಮ್ಮ ಸರ್ವೆ ನಂಬರ್ ಗಣಿ ಗುತ್ತಿಗೆಯೊಳಗೆ ಬರುವುದಿಲ್ಲ’ ಅಂದರು. ಸಮಸ್ಯೆ ಇರುವುದೇ ಇಲ್ಲಿ. ಕೋರ್ಟ್ ಹೇಳಿದ ಮೇಲೆ ಒಂದೊಂದು ಗಣಿ ಗುತ್ತಿಗೆಗೂ ಪುನಶ್ಚೇತನ ಯೋಜನೆ ಬರೆದರು. ಗುಡ್ಡದಲ್ಲಿ ಚೆಕ್ ಡ್ಯಾಂ, ತಡೆಗೋಡೆ, ಗಿಡ ನೆಡುವುದು, ಇವೆಲ್ಲ ಬಂದವು. ಒಳ್ಳೆಯದೇ ಆಯಿತು. ಆದರೆ ಅದಿರು ಗುತ್ತಿಗೆಯ ಗಡಿಯೊಳಗೆ ಕೂತಿರಲಿಲ್ಲವಲ್ಲ! ಅದು ಗುಡ್ಡ ಇಳಿದು ನಮ್ಮ ಹೊಲದಲ್ಲಿ ವರ್ಷಗಟ್ಟಲೆ ತಂಗಿ, ಆಮೇಲೆ ಬಂದರಿಗೆ ಹೋಯಿತು. ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2011ರ ವರದಿ ಅಕ್ರಮ ಗಣಿಗಾರಿಕೆಯಿಂದ ಸರ್ಕಾರಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದು ಲೆಕ್ಕ ಹಾಕಿತು. ಅದು ಬೊಕ್ಕಸದ ನಷ್ಟ. ಹೊಲಗಳ ನಷ್ಟವನ್ನು ಲೆಕ್ಕ ಹಾಕಲು ನಮ್ಮೂರಿಗೆ ಯಾರೂ ಟೇಪು ಹಿಡಿದು ಬಂದಿಲ್ಲ.

ದುಡ್ಡು ಇಲ್ಲ ಅಂದಿದ್ದರೆ ಸುಮ್ನೆ ಇರುತ್ತಿದ್ದೆ. ದುಡ್ಡು ಇದೆ. ಇ-ಹರಾಜಿನಲ್ಲಿ ಮಾರಿದ ಅದಿರಿನ ಹಣದಲ್ಲಿ ಒಂದು ಪಾಲನ್ನು ಈ ನಾಡಿನ ರಿಪೇರಿಗೆ ಅಂತಲೇ ಕೋರ್ಟ್ ತೆಗೆದಿಡಿಸಿತು. ಅದಕ್ಕಾಗಿ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಆಯಿತು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಇದು. ಅದಕ್ಕೆ ಕೋರ್ಟಿನ ಹಸಿರು ನಿಶಾನೆ ಸಿಕ್ಕಿದ್ದು 2022ರಲ್ಲಿ. ಗಣಿ ನಿಂತ ವರ್ಷ ಹುಟ್ಟಿದ ಕೂಸು ಅಷ್ಟೊತ್ತಿಗೆ ಆರನೇ ಕ್ಲಾಸಿಗೆ ಹೋಗುತ್ತಿತ್ತು. ಇದರ ಜೊತೆಗೆ ಗಣಿಯಿಂದ ತೊಂದರೆಯಾದ ಊರುಗಳಿಗೆಂದು ಗಣಿಯವರು ಹಣ ಕಟ್ಟುವ ಜಿಲ್ಲಾ ಖನಿಜ ನಿಧಿಯೂ 2015ರಿಂದ ಇದೆ. ರಸ್ತೆ, ಆಸ್ಪತ್ರೆ, ಶಾಲೆ, ರೈಲು ಎಲ್ಲವೂ ಬರಲಿ, ನಾನು ಬೇಡ ಅನ್ನುವವನಲ್ಲ. ಆದರೆ ಪುನಶ್ಚೇತನ ಅಂದರೆ ಕೆಟ್ಟಿದ್ದನ್ನು ಸರಿ ಮಾಡುವುದು ಅಲ್ವಾ? ಕೆಟ್ಟಿದ್ದು ಮಣ್ಣು, ನೀರು, ಜನರ ಎದೆ. ಮೊದಲ ಪಾಲು ಇವುಗಳಿಗೇ ಸಲ್ಲಬೇಕು.

ಎದೆಯ ಮಾತು ಬಂದಿದ್ದರಿಂದ ಅವ್ವನ ವಿಷಯ ಹೇಳುತ್ತೇನೆ. ಅವ್ವ ಎಮ್ಮೆಗೆ ಮೇವು ಹಾಕುವಾಗ ಸೊಪ್ಪೆಯ ಸಿವುಡನ್ನು ಕಟ್ಟೆಗೆ ನಾಲ್ಕು ಸಲ ಬಡಿದೇ ಹಾಕುವುದು. ಹಾಗೆ ಬಡಿದಾಗ ಕೆಂಪು ಹೊಗೆ ಎದ್ದು ಮುಖಕ್ಕೇ ಬರುತ್ತದೆ. ಸೆರಗು ಮೂಗಿಗೆ ಅಡ್ಡ ಹಿಡಿದೇ ಇಪ್ಪತ್ತು ವರ್ಷ ಈ ಕೆಲಸ ಮಾಡಿದ್ದಾಳೆ. ಈಗ ರಾತ್ರಿ ಮಲಗಿದರೆ ಕೆಮ್ಮು. ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಾಳೆ. ಡಾಕ್ಟರು ಪ್ರತಿ ಸಲವೂ ಅಲರ್ಜಿ ಅಂತ ಗುಳಿಗೆ ಬರೆದುಕೊಡುತ್ತಾರೆ. ದೂಳಿನಿಂದ ಬಂದದ್ದೋ ಬೇರೆಯೋ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ಎಕ್ಸ್‌ರೇ, ಉಸಿರಿನ ಪರೀಕ್ಷೆ ಬೇಕು. ನಮ್ಮ ಅದಿರಿನ ಜೊತೆ ಬರುವ ಕಲ್ಲಿನಲ್ಲಿ ಸಿಲಿಕಾ ಇದೆ. ಅದರ ಸಣ್ಣ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಆದರೆ ವಾಸಿಯಾಗುವುದಿಲ್ಲ. ರಾಜಸ್ಥಾನ ಸರ್ಕಾರ ಇದಕ್ಕೆಂದೇ 2019ರಲ್ಲಿ ನೀತಿ ಮಾಡಿ, ಪತ್ತೆಯಾದವರಿಗೆ ಪ್ರಮಾಣಪತ್ರ, ಪರಿಹಾರ ಕೊಡುತ್ತಿದೆ. ನಮ್ಮಲ್ಲೂ ಗಣಿಯಲ್ಲಿ ಜಲ್ಲಿ ಆರಿಸಿದ ಹೆಂಗಸರು, ಲಾರಿ ಡ್ರೈವರ್‌ಗಳು, ರಸ್ತೆ ಬದಿಯ ಮನೆಯವರು, ಎಲ್ಲರ ಎದೆ ಪರೀಕ್ಷೆ ಊರೂರಿಗೆ ಬಂದು ಮಾಡಬೇಕು.

ಗಣಿ ಮುಚ್ಚಿ ಅಂತ ನಾನು ಕೇಳುತ್ತಿಲ್ಲ. 2011ರಲ್ಲಿ ನಿಂತಾಗ ಸಾಲದ ಲಾರಿ ಫೈನಾನ್ಸಿನವರ ಪಾಲಾಗಿ, ಗುಳೆ ಹೋದ ಗೆಳೆಯರನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಗಣಿಗಳಿಗೆ ಮತ್ತೆ ಒಪ್ಪಿಗೆ ಕೊಟ್ಟ ಕೋರ್ಟ್ 2013ರಲ್ಲಿ ಬಳ್ಳಾರಿಗೆ ಹಾಕಿದ ಮಿತಿ ವರ್ಷಕ್ಕೆ 2.5 ಕೋಟಿ ಟನ್ ಅದಿರು. 2017ರಲ್ಲಿ ಅದು 2.8 ಕೋಟಿ ಆಯಿತು, 2022ರಲ್ಲಿ 3.5 ಕೋಟಿ. ಎಲ್ಲವೂ ಲಾರಿಯಲ್ಲಿ ಹೋಗುವುದಿಲ್ಲ, ನಿಜ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಮುಚ್ಚಿದ ಪೈಪಿನಂಥ ಕನ್ವೇಯರ್ ಬೆಲ್ಟ್ ಹಾಕಿದ್ದಾರೆ, ಅದರಿಂದ ದೂಳು ಬಹಳ ಕಡಿಮೆ. ಆದರೆ ಹತ್ತರಲ್ಲಿ ಒಂದೇ ಪಾಲು ರಸ್ತೆಗೆ ಬಂದರೂ 35 ಲಕ್ಷ ಟನ್. ಲಾರಿಗೆ 20 ಟನ್ ಅಂದರೆ 1.75 ಲಕ್ಷ ಲೋಡು. ಖಾಲಿ ಬರುವ ಲಾರಿ ಬೇರೆ. ತಾಡಪತ್ರಿ ಅರ್ಧ ಹಾರುತ್ತಿರುತ್ತದೆ. ನೀರಿನ ಟ್ಯಾಂಕರ್ ಬೆಳಿಗ್ಗೆ ಒಂದು ಸಲ ಬಂದು ಹೋಗುತ್ತದೆ, ಬೇಸಿಗೆಯಲ್ಲಿ ಅರ್ಧ ಗಂಟೆಗೆ ರಸ್ತೆ ಒಣಗುತ್ತದೆ. ಮಿತಿ ಏರಿಸುವ ಮುಂಚೆ ಲಾರಿಯನ್ನು ರಸ್ತೆಯಿಂದ ಇಳಿಸುವ ದಾರಿ ಹುಡುಕಬೇಕಿತ್ತು. ಪುನಶ್ಚೇತನದ ಹಣದಲ್ಲಿ ಬೆಲ್ಟು, ರೈಲು ಸೈಡಿಂಗ್ ಆಗುವುದಾದರೆ ಊರುಗಳ ನಡುವೆ ಹಾಯುವ ರಸ್ತೆಗಳಲ್ಲೇ ಮೊದಲು ಆಗಲಿ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಅದಿರು ರಾಶಿ ಹಾಕಿ ಹಾಳಾದ ಪಟ್ಟಾ ಹೊಲಗಳನ್ನು, ಗುತ್ತಿಗೆಯ ಗಡಿ ನೋಡದೆ, ಸರ್ವೆ ಮಾಡಿ. ಮೇಲಿನ ಪುಡಿ ತೆಗೆಸಿ, ಗಟ್ಟಿ ಪದರ ಒಡೆಸಿ, ಗೋಡು ಹೊಡೆಸಿ ಕೊಡಿ. ಕೃಷಿ ವಿಶ್ವವಿದ್ಯಾಲಯದವರು ಒಂದು ಹೊಲದಲ್ಲಾದರೂ ಮಾಡಿ ತೋರಿಸಲಿ, ನಮ್ಮ ಎರಡು ಎಕರೆಯನ್ನೇ ಅದಕ್ಕೆ ಬಿಟ್ಟುಕೊಡುತ್ತೇನೆ. ಯಾವ ಊರಿಗೆ ಯಾವ ಕೆಲಸ, ಎಷ್ಟು ದುಡ್ಡು ಅನ್ನುವ ಪಟ್ಟಿಯನ್ನು ಕನ್ನಡದಲ್ಲಿ ತಂದು ಗ್ರಾಮಸಭೆಯಲ್ಲಿ ಓದಲಿ. ಬರುವ ಅಧಿಕಾರಿಗಳು ಮುಂಗಾರಿನ ಮೊದಲ ಮಳೆಯ ಮರುದಿನವೇ ಬರಲಿ. ಎರಡೂ ಹೊಲಗಳ ನಡುವಿನ ಬದುವಿನ ಮೇಲೆ ನಿಂತರೆ ಸಾಕು. ಒಂದು ಕಡೆ ನೀರು ಇಂಗಿರುತ್ತದೆ, ಇನ್ನೊಂದು ಕಡೆ ಕೆಂಪಗೆ ನಿಂತಿರುತ್ತದೆ.

ಇಂತಿ,
ಒಬ್ಬ ರೈತ, ಸಂಡೂರು ತಾಲ್ಲೂಕು